ಅಳತೆಗೆ ಸಿಗದ ಭತ್ತ

ಕೂತಲ್ಲಿ ಕೂರಲಾಗದ ಹೆಣ್ಣು ನಾನು. ಚಿಕ್ಕಂದಿನಲ್ಲಿ ಅಮ್ಮ ಜಡೆ ಹೆಣೆದು ಮುಗಿಸುವಷ್ಟು ಹೊತ್ತೂ ನೆಟ್ಟಗೆ ಕೂತವಳಲ್ಲ. ಅಂಥವಳು ತೊಂಬತ್ತರ ದಶಕದ ನಡುವೆ ಮೈಸೂರಿನಲ್ಲಿ ಅರ್ಥಶಾಸ್ತ್ರದ ಸಂಶೋಧನೆಗೆ ಸೇರಿ, ಜಗತ್ತಿನ ಎರಡು ಭಾಗಗಳ ಭತ್ತವನ್ನು ಹೋಲಿಸುತ್ತೇನೆ ಎಂದು ಬರೆದುಕೊಟ್ಟಿದ್ದೆ. ಒಂದು ಕಡೆ ನಮ್ಮ ಏಷ್ಯಾ, ಇನ್ನೊಂದು ಕಡೆ ಪಶ್ಚಿಮ ಆಫ್ರಿಕಾ. ಮೂವತ್ತು ವರ್ಷಗಳಲ್ಲಿ ಯಾರು ಎಷ್ಟು ಬೆಳೆದರು, ಯಾರು ಮುಂದೆ ಹೋದರು, ಯಾರು ಹಿಂದುಳಿದರು, ಯಾಕೆ. ಆ ವಿಷಯ ಆರಿಸಿಕೊಳ್ಳಲು ಘನವಾದ ಕಾರಣವೇನೂ ಇರಲಿಲ್ಲ. ಎರಡೂ ಕಡೆಯ ಅಂಕಿಗಳು ಲೈಬ್ರರಿಯ ಒಂದೇ ಕಪಾಟಿನಲ್ಲಿ ಸಿಕ್ಕವು, ಬೇಗ ಮುಗಿಯುತ್ತದೆ ಅನ್ನಿಸಿತು, ಅಷ್ಟೆ.

ನಮ್ಮ ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ಅಪ್ಪನಿಗೆ ಒಂದು ಸಣ್ಣ ದೇವಸ್ಥಾನದ ಪೂಜೆ. ಎರಡು ಹೊತ್ತೂ ಅನ್ನ ಉಣ್ಣುವ ಮನೆ, ಆದರೆ ಗದ್ದೆಯ ಕೆಸರಿಗೆ ಕಾಲಿಟ್ಟವರು ಒಬ್ಬರೂ ಇಲ್ಲ. ಬಸ್ಸಿನ ಕಿಟಕಿಯಲ್ಲಿ ಓಡುವ ಹಸಿರೇ ನನಗೆ ಗೊತ್ತಿದ್ದ ಬೇಸಾಯ. ಆ ಹಸಿರು ಹಳದಿಯಾದರೆ ಕೊಯ್ಲು ಬಂತು ಎಂದು ತಿಳಿಯುತ್ತಿತ್ತು. ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು.

ನಾಲ್ಕು ಗ್ರಾಫ್ ಹಾಳೆಗಳನ್ನು ಗೋಂದು ಹಚ್ಚಿ ಜೋಡಿಸಿ ನಡುಮನೆಯ ಗೋಡೆಗೆ ಅಂಟಿಸಿದ್ದೆ. ಏಷ್ಯಾಕ್ಕೆ ಕೆಂಪು ಪೆನ್ಸಿಲ್, ಆಫ್ರಿಕಾಕ್ಕೆ ನೀಲಿ. ಹೊಸ ತಳಿ, ಗೊಬ್ಬರ, ಕಾಲುವೆ ನೀರು ಬಂದ ಮೇಲೆ ಕೆಂಪು ಗೆರೆ ಮೆಟ್ಟಿಲು ಹತ್ತಿದ ಹಾಗೆ ಏರುತ್ತ ಹೋಗಿತ್ತು. ನೀಲಿ ಗೆರೆ ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲದವರಂತೆ ಕೆಳಗೇ ಮಲಗಿತ್ತು. ಅಲ್ಲಿ ಜೌಗು ನೆಲದಲ್ಲಿ, ಇಳಿಜಾರಿನಲ್ಲಿ, ಮಳೆ ನಂಬಿಕೊಂಡು, ಹೆಚ್ಚಾಗಿ ಹೆಂಗಸರೇ ಗುದ್ದಲಿ ಹಿಡಿದು ಭತ್ತ ಬೆಳೆಯುತ್ತಾರೆ ಎಂದು ಓದಿದ್ದೆ. ಅದನ್ನೇ ಕಾರಣವೆಂದು ಬರೆದು, ಒಂದು ಅಧ್ಯಾಯ ಮುಗಿಸಿ, ನಮ್ಮ ಪ್ರೊಫೆಸರರ ಮುಂದೆ ಇಟ್ಟೆ. ಅವರು ಮಾತು ಕಡಿಮೆಯ ಮನುಷ್ಯ. ಪುಟ ತಿರುವಿ, ಕನ್ನಡಕದ ಮೇಲಿಂದ ನೋಡಿ, ಕೇಳಿದರು.

"ಈ ನೀಲಿ ಗೆರೆಯನ್ನ ಅಳೆದವರು ಯಾರು?"

"ಆಯಾ ದೇಶದ ಸರ್ಕಾರಗಳು ಸಾರ್."

"ಕೆಂಪು ಗೆರೆ ಅಳೆಯೋದನ್ನ ನೀವು ಕಣ್ಣಾರೆ ನೋಡಿದ್ದೀರಾ?"

ಇಲ್ಲ ಅಂದೆ. ಅವರು ಹಾಳೆಗಳನ್ನು ಮಡಿಚಿ ವಾಪಸು ಕೊಟ್ಟು, ನಿಮ್ಮೂರ ಸುತ್ತ ಗದ್ದೆಗಳೇ ಅಲ್ಲವೇ, ಒಂದು ಸುಗ್ಗಿ ನೋಡಿಕೊಂಡು ಬನ್ನಿ ಅಂದರು. ನನಗೆ ಮೈಯೆಲ್ಲ ಉರಿಯಿತು. ಮುಗಿದೇಹೋಯಿತು ಅಂದುಕೊಂಡಿದ್ದ ಕೆಲಸವನ್ನು ಈ ಮನುಷ್ಯ ಒಂದು ವರ್ಷ ಎಳೆದರಲ್ಲ ಎಂದು ಬಸ್‌ಸ್ಟ್ಯಾಂಡಿನವರೆಗೂ ಬೈದುಕೊಳ್ಳುತ್ತ ನಡೆದೆ.

ಆ ವರ್ಷವೆಲ್ಲ ಬಸ್ಸು. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಒಂದು ದಿನ ಕೆ.ಆರ್. ಪೇಟೆ, ಒಂದು ದಿನ ನಾಗಮಂಗಲ, ಒಂದು ದಿನ ಪಾಂಡವಪುರ. ಇಳಿದ ಕೂಡಲೇ ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಚಾಳಿ ನನಗೆ. ಕೆರೆ ಏರಿಯ ಕೆಳಗೆ ನಿಂತು ಮಾತಾಡುವಾಗಲೂ ಒಂದು ಕಣ್ಣು ರಸ್ತೆಯ ಮೇಲೆ. ನಾಗಮಂಗಲದ ಕಡೆ ಹೊಲವೆಲ್ಲ ರಾಗಿ, ಕೆರೆ ತೂಬಿನ ಕೆಳಗೆ ಮಾತ್ರ ನಾಲ್ಕು ಮಡಿ ಭತ್ತ. ಅಲ್ಲೊಬ್ಬ ಹೆಂಗಸನ್ನು, ಈ ಸಲ ಎಷ್ಟು ಬಂತು ಅಂತ ಕೇಳಿದೆ.

"ಯುಗಾದಿಗಂಟ ಆಯ್ತದೆ ಕಣವ್ವ" ಅಂದಳು.

"ಹಾಗಲ್ಲ, ಚೀಲ ಎಷ್ಟು?"

"ಚೀಲಕ್ಕೆ ಯಾರು ತುಂಬ್ತಾರೆ? ಅಬ್ಬಕ್ಕೆ, ನೆಂಟ್ರು ಬಂದಾಗ, ಬಾಣಂತೀರಿಗೆ ಅಂತ ಬೇಯಿಸ್ತೀವಿ. ಅಷ್ಟೇಯ."

ಇವರಿಂದ ಒಂದು ಅಂಕಿ ಹೊರಡಿಸುವುದು ಕಲ್ಲಿನಿಂದ ನಾರು ತೆಗೆದಂತೆ ಎಂದು ನೋಟ್‌ಬುಕ್ಕಿನಲ್ಲಿ ಸಿಟ್ಟಿನಿಂದ ಗೀಚಿದೆ. ಕೆ.ಆರ್. ಪೇಟೆಯಲ್ಲಿ ಅರ್ಧ ಜನ ತಿಂಗಳ ಲೆಕ್ಕ ಹೇಳಿದರೆ ಅರ್ಧ ಜನ ಚೀಲದ ಲೆಕ್ಕ ಹೇಳಿದರು. ಪಾಂಡವಪುರದ ಕಾಲುವೆ ಸೀಮೆಗೆ ಬಂದರೆ ಕೇಳುವ ಮುಂಚೆಯೇ ಉತ್ತರ, ಎಕರೆಗೆ ಇಷ್ಟು ಚೀಲ ಎಂದು. ನಾಗಮಂಗಲದಿಂದ ಪಾಂಡವಪುರಕ್ಕೆ ಬರುವ ಬಸ್ಸಿನಲ್ಲಿ ಒಂದು ಸಂಜೆ ಹೊಳೆಯಿತು, ನನ್ನ ಗೋಡೆಯ ಮೇಲಿನ ನೀಲಿ ಗೆರೆಯೂ ಕೆಂಪು ಗೆರೆಯೂ ಒಂದೇ ಜಿಲ್ಲೆಯಲ್ಲಿವೆ ಎಂದು. ಖುಷಿಯಿಂದ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಒಂದು ಕಡೆಯವರು ಬೆಳೆದದ್ದನ್ನು ಅಳೆಯುತ್ತಾರೆ, ಇನ್ನೊಂದು ಕಡೆಯವರು ಉಣ್ಣುತ್ತಾರೆ ಎಂದು ಆಗ ತಿಳಿದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಸುಗ್ಗಿಯ ಹೊತ್ತಿಗೆ ಅರಕೆರೆಗೆ ಹೋದೆ. ಅಲ್ಲಿ ನಮ್ಮ ದೇವಸ್ಥಾನಕ್ಕೆ ತಲೆತಲಾಂತರದಿಂದ ನಡೆದುಕೊಳ್ಳುವ ಒಂದು ಒಕ್ಕಲಿಗರ ಮನೆ ಇತ್ತು. ಆ ಮನೆಯ ಅಜ್ಜಿ ವರ್ಷಕ್ಕೊಂದೆರಡು ಸಲ ನಮ್ಮ ಮನೆಗೆ ಬಂದು, ಜಗಲಿಯಲ್ಲಿ ಕೂತು, ಅಮ್ಮನ ಜೊತೆ ಮಾತಾಡಿ ಹೋಗುತ್ತಿದ್ದವಳು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಮನೆಯಲ್ಲಿ ನಲವತ್ತರ ಆಸುಪಾಸಿನ ಮಗ, ಸೊಸೆ, ನಾಲ್ಕು ಹಸು. ಡೈರಿಗೆ ಹಾಲು ಹಾಕಿ ಬಂದ ಮಗ ನನ್ನ ನೋಟ್‌ಬುಕ್ಕು ನೋಡಿದ್ದೇ ತಡ, ಒಳ್ಳೆ ಟೈಮಿಗೆ ಬಂದ್ರಿ ಕಣಕ್ಕ, ನಮ್ದೊಂದು ಪಂಚಾಯ್ತಿ ಅದೆ ಅಂದ.

ಪಂಚಾಯ್ತಿ ಇಷ್ಟು. ಒಂದೇ ಬದುವಿನ ಆಚೆ ಈಚೆ ಎರಡು ಗದ್ದೆ, ಅಳತೆಯೂ ಸಮ. ಮೇಲಿನದು ಮಗನ ಸುಪರ್ದು. ಕೆಳಗಿನದು ಅಜ್ಜಿಗೆ ತವರಿನವರು ಅರಿಶಿನ ಕುಂಕುಮಕ್ಕೆ ಕೊಟ್ಟದ್ದು, ಅದರ ಬೇಸಾಯ ಅವಳದೇ. ಎರಡಕ್ಕೂ ಅದೇ ಬೀಜ, ಅದೇ ಕಾಲುವೆಯ ನೀರು. ಆದರೆ ವರ್ಷಾವರ್ಷ ಅವಳ ಗದ್ದೆಯಲ್ಲಿ ಎರಡು ಚೀಲ ಕಡಿಮೆ.

"ಆ ನೆಲ ಸತ್ತೋಗದೆ ಕಣಕ್ಕ" ಅಂದ ಮಗ. "ಕಬ್ಬಾಕಾನ ಅಂದ್ರೆ ಅವ್ವ ಒಪ್ಪಾಕಿಲ್ಲ."

"ನಾನಿರಗಂಟ ಅಲ್ಲಿ ಭತ್ತನೇ" ಅಂದಳು ಅಜ್ಜಿ. ಆಮೇಲೆ ನನ್ನ ಕಡೆ ಕೈ ತೋರಿಸಿ ಮಗನಿಗೆ, "ಈ ಸಲ ಪೈರು ನೀನೇ ನೋಡ್ದಲ್ಲ, ಎದೆಮಟ್ಟ ಬಂದದೆ. ಈ ಕೂಸು ಓದಿರೋದು. ಇದೇ ಅಳೀಲಿ ಕಣ್ಲಾ. ಸಮ ಬಂದ್ರೆ ನನ್ನ ಗದ್ದೆ ತಂಟೆಗೆ ಬರ್ಬೇಡ. ಕಮ್ಮಿ ಬಂದ್ರೆ ಕಬ್ಬಾಕ್ಕೊ" ಅಂದಳು.

ಅದು ಅವಳಿಗೆ ಬರೀ ಹಟವಲ್ಲ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಮದುವೆಯಾಗಿ ಬಂದ ವರ್ಷದಿಂದ ಆ ಗದ್ದೆಯಲ್ಲಿ ನಾಟಿ ಹಾಕಿದವಳು. ಆ ಮನೆಯಲ್ಲಿ ಅವಳದು ಅಂತ ಉಳಿದಿದ್ದದ್ದು ಅದೊಂದೇ. ನಾನು ಮಾತ್ರ ಒಳಗೊಳಗೇ ಹಿಗ್ಗಿದೆ. ನನಗೆ ಬೇಕಾದದ್ದೇ ಕಾಲ ಬಳಿಗೆ ಬಂದಿತ್ತು. ಒಂದೇ ಬೀಜ, ಒಂದೇ ನೀರು, ಎರಡು ಗದ್ದೆ. ಪ್ರೊಫೆಸರರ ಬಾಯಿ ಮುಚ್ಚಿಸಲು ಇನ್ನೇನು ಬೇಕು.

ಬಹಳ ಎಚ್ಚರಿಕೆಯಿಂದ ಅಳೆದೆ ಎಂದೇ ಹೇಳಬೇಕು. ಎರಡೂ ರಾಶಿ ಅಷ್ಟೇ ದಿನ ಒಣಗಬೇಕು ಅಂದೆ. ಒಂದೇ ಕೊಳಗ, ಒಬ್ಬನೇ ಅಳೆಯಬೇಕು, ಕೊಳಗದ ಬಾಯನ್ನು ಅಂಗೈಯಲ್ಲಿ ಸಮ ಮಾಡಬೇಕು ಅಂದೆ. ಮಗ ಕೊಯ್ಲಿನವರಿಗೆ ನೋಟು ಎಣಿಸಿ ಕೊಟ್ಟು, ಹೊರೆಗಳನ್ನು ಹರಡಿ ಮೇಲೆ ಟ್ರಾಕ್ಟರು ಓಡಿಸಿ, ಬೆಳಗಾಗಿ ಮಧ್ಯಾಹ್ನವಾಗುವುದರೊಳಗೆ ಬಡಿದು ತೂರಿ ಮುಗಿಸಿದ. ನನಗೆ ಅವನ ಕೆಲಸದ ವೇಗ ಬಹಳ ಹಿಡಿಸಿತು.

ಅಜ್ಜಿಯ ಕಣದಲ್ಲಿ ಹಾಗಲ್ಲ. ಕಣ ಸಾರಿಸಬೇಕು, ನಡುವೆ ಮೇಟಿಕಂಬ ನೆಡಬೇಕು, ಎತ್ತು ಕಟ್ಟಿ ತೆನೆಯ ಮೇಲೆ ಕಲ್ಲಿನ ಗುಂಡು ಹೊಡೆಯಬೇಕು. ಕೊಯ್ಲು ಕೊಯ್ದವರು ಗದ್ದೆಯಿಂದಲೇ ತಲಾ ಒಂದೊಂದು ಹೊರೆ ತಲೆ ಮೇಲೆ ಹೊತ್ತುಕೊಂಡು ಹೋದದ್ದನ್ನು ನಾನು ಬದುವಿನ ಮೇಲೆ ನಿಂತು ನೋಡಿದ್ದೆ. ರಾಶಿ ಮಾಡಿ ಪೂಜೆ ಮಾಡಿದ ಬೆಳಿಗ್ಗೆ ಕಣದ ಅಂಚಿನಲ್ಲಿ ಜನ ಬಂದು ನಿಂತಿದ್ದರು. ಕಾಲುವೆ ನೀರು ಬಿಡುವ ನೀರುಗಂಟಿ, ಕುಡುಗೋಲು ತಟ್ಟಿಕೊಡುವ ಆಚಾರಿ, ಬಟ್ಟೆ ಒಗೆಯುವವಳು, ಕ್ಷೌರದವನು. ಅಜ್ಜಿ ರಾಶಿಯ ತಳಕ್ಕೆ ಮೊರ ಹಾಕಿ ಒಬ್ಬೊಬ್ಬರ ಮಡಿಲಿಗೆ, ಚೀಲಕ್ಕೆ ಸುರಿಯುತ್ತಿದ್ದಳು. ಯಾರಿಗೆ ಎಷ್ಟು ಅಂತ ಒಂದು ಮಾತಿಲ್ಲ. ಒಂದು ಗೋಣಿಚೀಲಕ್ಕೂ ತುಂಬಿ ಪಕ್ಕದಲ್ಲಿ ಒರಗಿಸಿಟ್ಟಳು. ಬಿಸಿಲು ಏರುತ್ತಿತ್ತು. ಹನ್ನೊಂದೂವರೆಯ ಬಸ್ಸು ತಪ್ಪಿದರೆ ಮತ್ತೆ ಮೂರಕ್ಕೆ. ನಾನು ಕೈಗಡಿಯಾರ ನೋಡಿಕೊಳ್ಳುತ್ತ ಕಣದ ಸುತ್ತ ಶತಪಥ ಹಾಕಿದೆ. ತಡೆಯಲಾರದೆ, "ಅಜ್ಜಿ, ಇವರನ್ನೆಲ್ಲ ಬೇಗ ಕಳಿಸಿ. ಆಮೇಲೆ ಅಳತೆ ಶುರು ಮಾಡೋಣ" ಅಂದೆ.

"ಆಯ್ತು ಕಣವ್ವ, ಆಯ್ತು" ಅಂದಳು.

ಎಲ್ಲರೂ ಹೋದ ಮೇಲೆ ಅಳೆದೆವು. ಎರಡು ಚೀಲ ಕಡಿಮೆ ಬಂತು. ಇನ್ನೊಮ್ಮೆ ಕೂಡಿದೆ, ಮತ್ತೂ ಅಷ್ಟೇ. ಅಜ್ಜಿ ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. "ನೋಡ್ಕೊಂಡು ಬರ್ದಿದ್ದೀಯೇನವ್ವ?" ಅಂತ ಒಮ್ಮೆ ಕೇಳಿದಳು. ಎಲ್ಲ ಸರಿಯಾಗಿದೆ ಅಜ್ಜಿ ಅಂದೆ. ಅವಳು ಸೆರಗಿನಿಂದ ಮೊರ ಒರೆಸಿ ಎದ್ದಳು. ಮಗ ಗೆದ್ದೆನೆಂದು ನಗಲಿಲ್ಲ, ಅಮ್ಮನ ಮುಖ ನೋಡದೆ ಚೀಲದ ಬಾಯಿ ಹೊಲಿಯತೊಡಗಿದ. ನನಗೆ ಹನ್ನೊಂದೂವರೆಯ ಬಸ್ಸು ಸಿಕ್ಕಿತು.

ಮನೆಗೆ ಬಂದು ಹೊಸ ಅಧ್ಯಾಯ ಬರೆದೆ. ನೆಲದ ಸಾರ, ಹಳೆ ಪದ್ಧತಿಯ ನಷ್ಟ, ಎತ್ತಿನ ಗುಂಡಿನಲ್ಲಿ ಉದುರದೆ ಉಳಿಯುವ ಕಾಳು, ಎಲ್ಲವನ್ನೂ ಸೇರಿಸಿ, ಆ ಕೆಳಗಿನ ಗದ್ದೆಯಂತೆಯೇ ಪಶ್ಚಿಮ ಆಫ್ರಿಕಾ ಎಂದು ಮುಗಿಸಿದೆ. ಓದಿಕೊಂಡಾಗ ಚೆನ್ನಾಗಿತ್ತು. ಆದರೂ ಏನೋ ಕಾಲಿಗೆ ಮುಳ್ಳು ಸಿಕ್ಕ ಹಾಗೆ. ಅಜ್ಜಿಯ ಪೈರು ಎದೆಮಟ್ಟ ಇದ್ದದ್ದನ್ನು ನಾನೇ ನೋಡಿದ್ದೆ. ತೆನೆ ತೂಗುತ್ತಿದ್ದದ್ದನ್ನೂ ನೋಡಿದ್ದೆ. ಅದು ಎಲ್ಲಿಗೆ ಹೋಯಿತು? ಗೋಡೆಯ ಮುಂದೆ ನಿಲ್ಲುತ್ತಿದ್ದೆ, ಹೊಳೆಯ ಕಡೆ ಹೋಗಿ ಬರುತ್ತಿದ್ದೆ, ಮತ್ತೆ ನಿಲ್ಲುತ್ತಿದ್ದೆ. ನೆಲ ಸವೆಯುತ್ತೆ ಕಣೇ ಅಂತ ಅಮ್ಮ ರೇಗಿದಳು.

ಸಂಕ್ರಾಂತಿಗೆ ಎರಡು ದಿನ ಇರುವಾಗ ಬಸ್ಸಿನಲ್ಲಿ ಬಂದವರ ಕೈಯಲ್ಲಿ ಒಂದು ಚೀಲ ಭತ್ತ ಬಂತು. ಪ್ರತಿ ವರ್ಷ ಬರುವ ಚೀಲವೇ. ಅದು ಎಲ್ಲಿಂದ ಬರುತ್ತದೆ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿದವಳಲ್ಲ. ಅಮ್ಮ ಅಂಗಳದಲ್ಲಿ ಬಾಯಿ ಬಿಚ್ಚಿ ಮೊರಕ್ಕೆ ಸುರಿದಳು.

"ಎಲ್ಲೀದಮ್ಮ ಇದು?"

"ಅರಕೆರೆ ಅಜ್ಜೀದು ಕಣೇ. ದೇವರ ಪಾಲು. ಕಣದಲ್ಲಿ ಅಳೆಯೋಕೆ ಮುಂಚೇನೇ ಎತ್ತಿಡ್ತಾರಂತೆ, ಪಾಪ. ನಿಮ್ಮ ತಾತನ ಕಾಲದಿಂದ ತಪ್ಪಿಸಿಲ್ಲ."

ಆ ಗೋಣಿಚೀಲ ನನಗೆ ಗುರುತಿತ್ತು. ರಾಶಿಯ ಪಕ್ಕ ಒರಗಿಸಿಟ್ಟದ್ದು ಅದೇ. ನೋಟ್‌ಬುಕ್ಕು ತಂದು ಅಂಗಳದಲ್ಲೇ ಕೂತು ನೆನಪಿದ್ದದ್ದನ್ನೆಲ್ಲ ಬರೆದೆ. ಕೊಯ್ಲಿನವರ ಹೊರೆಗಳು, ನೀರುಗಂಟಿಯ ಪಾಲು, ಆಚಾರಿಯ ಪಾಲು, ಮಡಿಲು ಮಡಿಲು ಭತ್ತ, ಕೊನೆಗೆ ಈ ಚೀಲ. ಎರಡು ಚೀಲವಲ್ಲ, ಎರಡನ್ನೂ ದಾಟಿ ಹೋಯಿತು. ಮಗನ ಗದ್ದೆಗೂ ನೀರು ಬಿಟ್ಟವನು ಅದೇ ನೀರುಗಂಟಿ, ಮಗನ ಬಟ್ಟೆ ಒಗೆದವಳೂ ಅವಳೇ. ಇಡೀ ಮನೆ ಊರಿಗೆ ಕೊಡಬೇಕಾದದ್ದನ್ನೆಲ್ಲ ಆ ಒಂದು ಗದ್ದೆಯೇ ಕೊಡುತ್ತಿತ್ತು. ನೆಲ ಸತ್ತಿರಲಿಲ್ಲ. ಮೇಲಿನ ಗದ್ದೆಗಿಂತ ಹೆಚ್ಚೇ ಬೆಳೆದಿತ್ತು. ಕಡಿಮೆಯೆಂದು ಬರೆದವಳು ನಾನು, ಆ ಕಡಿಮೆ ಬಿದ್ದ ಭತ್ತದಲ್ಲಿ ಒಂದು ಪಾಲನ್ನು ಹುಟ್ಟಿದಾಗಿನಿಂದ ಉಣ್ಣುತ್ತ ಬಂದವಳೂ ನಾನೇ. ನನಗೆ ನಾಚಿಕೆಯಾಯಿತು. ಇವತ್ತು ಬರೆಯುವಾಗಲೂ ಆಗುತ್ತದೆ.

ಮಾರನೆಯ ದಿನ ಮೊದಲ ಬಸ್ಸು ಹಿಡಿದೆ. ಅರಕೆರೆಯಲ್ಲಿ ಇಳಿದು ಮನೆಗೂ ಹೋಗದೆ ನೆಟ್ಟಗೆ ಗದ್ದೆಯ ಕಡೆ ನಡೆದೆ. ಕೆಳಗಿನ ಗದ್ದೆಯನ್ನು ಉತ್ತು, ಸಾಲು ಹೊಡೆದು, ಕಬ್ಬಿನ ಬಿತ್ತನೆ ತುಂಡುಗಳನ್ನು ಹೂತು ನೀರು ಕಟ್ಟಿದ್ದರು. ಮಗ ಸಾಲಿನ ತುದಿಯಲ್ಲಿ ಸನಿಕೆ ಹಿಡಿದು ನಿಂತಿದ್ದ. ನಾನು ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ. ಅವನು ಸನಿಕೆಯನ್ನು ಬದುವಿಗೆ ಊರಿದ.

"ಕೊಟ್ಟಿದ್ನೂ ಬೆಳೆ ಲೆಕ್ಕಕ್ಕೆ ತಕ್ಕಬೇಕು ಅಂತ ನಂಗೂ ಒಳೀಲಿಲ್ಲ ಕಣಕ್ಕ" ಅಂದ. "ಈಗ ಏನ್ ಮಾಡಾನ? ಆಕ್ಬುಟ್ಟಿವ್ನಿ. ಕಿತ್ತಾಕಕ್ಕಾಯ್ತದಾ? ಇನ್ನು ಕಡಿದ್ ಬುಡ ಚಿಗುರಿ ಕೂಳೆ ಗೀಳೆ ಅಂತ ಮೂರೊರ್ಸ."

ಅಜ್ಜಿ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ನಾನು ತಪ್ಪಾಯಿತು ಅಂದೆ, ಎರಡು ಸಲ ಅಂದೆ. ಅವಳು ಕೇಳಿಸಿಕೊಂಡು, ಕೈ ಕೊಡವಿ, ನನ್ನ ಪಕ್ಕ ಕೂತಳು.

"ಯಾಕಜ್ಜಿ ಅವತ್ತೇ ಹೇಳಲಿಲ್ಲ? ಒಂದು ಮಾತು ಹೇಳಬಾರದಿತ್ತಾ?" ನನ್ನ ದನಿ ಜಗಳದ ದನಿಯಾಗಿತ್ತು. ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಿರಲಿಲ್ಲ.

"ನೀನು ಅಲ್ಲೇ ನಿಂತ್ಕೊಂಡು ನೋಡ್ತಿದ್ದಲ್ಲವ್ವ" ಅಂದಳು. "ಓದಿರೋ ಕೂಸು, ಒಂದೂ ಬುಡ್ದಂಗೆ ಬರ್ಕೊಂಡಿರ್ತದೆ ಅಂತ ನಾನು ಸುಮ್ಕಿದ್ದೆ. ಕೊಟ್ಟಿದ್ನ ನಾನೇ ಬಾಯ್ಬುಟ್ಟು ಯೋಳಕ್ಕಾಯ್ತದಾ?"

ಮಜ್ಜಿಗೆ ಕೊಟ್ಟಳು. ಕುಡಿದು ಲೋಟವನ್ನು ನಾನೇ ತೊಳೆದಿಟ್ಟೆ.

ಪ್ರೊಫೆಸರರಿಗೆ ಎಲ್ಲ ಹೇಳಿದೆ. ನೀಲಿ ಗೆರೆ ಮಲಗಿರುವುದು ಬೆಳೆ ಕಡಿಮೆ ಎಂದೇ ಇರಬಹುದು, ಅಥವಾ ಅಲ್ಲಿನ ಹೆಂಗಸರ ಭತ್ತ ಅಳೆಯುವವನು ಬರುವ ಮುಂಚೆಯೇ ನೆರೆಯವರ ಮಡಿಲಿಗೆ, ಮಕ್ಕಳ ಬಾಯಿಗೆ ಹೋಗಿರಬಹುದು, ಎಷ್ಟು ಎಂದು ಹೇಳುವಂತಿಲ್ಲ ಅಂದೆ. ನಮ್ಮ ಕೆಂಪು ಗೆರೆಯ ಏರಿಕೆಯಲ್ಲೂ ಒಂದಿಷ್ಟು, ಮೊದಲು ಕೊಡುತ್ತಿದ್ದವರು ಕೊಡುವುದನ್ನು ಬಿಟ್ಟಿದ್ದರಿಂದ ಆಗಿರಬಹುದು ಅಂದೆ. ಅವರು ಗಮನವಿಟ್ಟು ಕೇಳಿದರು. ಇದಕ್ಕೊಂದು ಅಂಕಿ ಕೊಡಬಲ್ಲಿರಾ ಅಂದರು. ಇಲ್ಲ ಸಾರ್ ಅಂದೆ. ಹಾಗಾದರೆ ಅಡಿಟಿಪ್ಪಣಿಗೆ ಹಾಕಿ ಅಂದರು. ಪ್ರಬಂಧದಲ್ಲಿ ಅದು ನಾಲ್ಕು ಸಾಲಿನ ಅಡಿಟಿಪ್ಪಣಿಯಾಗಿ ಕೂತಿದೆ. ನನಗೆ ಪದವಿ ಬಂತು.

ಮುಂದಿನ ಸಂಕ್ರಾಂತಿಗೆ ಚೀಲ ಬರುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಅಮ್ಮ ಸೊಸೈಟಿಯಿಂದ ಅಕ್ಕಿ ತರಿಸಿದ್ದಳು. ಹಬ್ಬದ ಹಿಂದಿನ ದಿನ ಬಾಗಿಲಲ್ಲಿ ಅಜ್ಜಿಯ ಮಗ ನಿಂತಿದ್ದ. ಕೈಯಲ್ಲಿ ಹಳೆ ಸೀರೆಯ ತುಂಡಿನಲ್ಲಿ ಹೊಲಿದ ಒಂದು ಸಣ್ಣ ಗಂಟು.

"ಅವ್ವ ಕಳಿಸವ್ಳೆ" ಅಂದ. ಒಳಗೆ ಬಾ ಅಂದರೂ ಬರಲಿಲ್ಲ, ಜಗಲಿಯ ಅಂಚಿನಲ್ಲೇ ನಿಂತ. "ಹೊರೆ ತುಂಬ್ಕಂಡು ಟ್ರಾಕ್ಟರು ಓದ್ಮೇಲೆ ನನ್ನ ಗದ್ದೇಲಿ ಬಿದ್ದಿದ್ ತೆನೆ ಎಲ್ಲ ಬಗ್ಗಿ ಬಗ್ಗಿ ಆಯ್ದವ್ಳೆ. ಎಂಟು ದಿನ. ನನ್ನ ರಾಶೀಲೇ ಒಂದ್ ಚೀಲ ತಕ್ಕೊ ಅಂದೆ. ಅದು ನಿಂದು ಕಣ್ಲಾ, ಇದು ನಂದು ಅಂದ್ಲು."

ಅವನು ಹೋದ ಮೇಲೆ ಅಮ್ಮ ಗಂಟು ಬಿಚ್ಚಿದಳು. ಮಣ್ಣಿನ ಹರಳು ಸೇರಿದ ಭತ್ತ, ಒಂದೆರಡು ಜೊಳ್ಳು. ಎಷ್ಟಿದೆ ನೋಡೋಣ ಎನ್ನುತ್ತ ಅವಳು ಅಡುಗೆಮನೆಯಿಂದ ಸೇರು ತಂದಳು. ನಾನು ಅದನ್ನು ಅವಳ ಕೈಯಿಂದ ಕಿತ್ತುಕೊಂಡೆ. ಏನಾಯ್ತೇ ನಿನಗೆ ಅಂತ ಅಮ್ಮ ಕೇಳುತ್ತಿದ್ದಳು. ಸೇರನ್ನು ಎದೆಗೆ ಅವುಚಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ, ನಾನು ಮನೆಯೆಲ್ಲ ಓಡಾಡಿದೆ.